ಬೆಲ್ಲ ಕರಗುವವರೆಗೆ

ಉಡುಪಿಯ ಸಿಟಿ ಬಸ್ ನಿಲ್ದಾಣದಿಂದ ಸ್ವಲ್ಪ ಮುಂದೆ, ಒಂದು ಟೈಲರ್ ಅಂಗಡಿಯ ಮೇಲಿನ ಮಹಡಿಗೆ ಆಪ್ತಸಮಾಲೋಚನೆಯ ಚಿಕ್ಕದೊಂದು ನೀಲಿ ಬೋರ್ಡು ಇತ್ತು. ಹೋದ ತಿಂಗಳು ಬಸ್ಸಿನ ಕಿಟಕಿಯಿಂದ ನೋಡಿದರೆ ಬೋರ್ಡು ಇಲ್ಲ. ಅದು ಇದ್ದಷ್ಟು ಜಾಗದಲ್ಲಿ ಗೋಡೆಯ ಬಣ್ಣ ಮಾತ್ರ ಹೊಸದರಂತೆ ಕಾಣುತ್ತಿತ್ತು. ಮಣಿಪಾಲ ತಲುಪುವ ಮೊದಲೇ ಮೇಡಂಗೆ ಫೋನ್ ಮಾಡಿದೆ.

"ಮುಚ್ಚಿದೆ ಪುತಾ," ಎಂದರು. "ಎಂತ ಮಾಡೋದು? ಜನರ ಕಷ್ಟ ಕೇಳ್ಲಿಕ್ಕೆ ಕಿವಿ ಸರಿ ಉಂಟು. ಮೆಟ್ಟಿಲು ಹತ್ಲಿಕ್ಕೆ ಮೊಣಕಾಲು ಬೇಕಲ್ವಾ?"

ಅವರ ಕೊಂಕಣಿ ಮನೆಗಳಲ್ಲಿ ಹಿರಿಯರು ಹುಡುಗ ಹುಡುಗಿ ಎನ್ನದೆ ಎಲ್ಲ ಮಕ್ಕಳನ್ನೂ 'ಪುತಾ' ಎಂದೇ ಕರೆಯುತ್ತಾರೆ. ನನ್ನನ್ನು ಮೊದಲ ದಿನವೇ ಹಾಗೆ ಕರೆದಿದ್ದರು. ನಾನು ಅವರನ್ನು ಮೇಡಂ ಎನ್ನುತ್ತಿದ್ದೆ. ಅವರು ಆಪ್ತಸಮಾಲೋಚಕಿ. ಈಗ ಅಜೆಕಾರಿನಲ್ಲಿ, ತಾವು ಹುಟ್ಟಿದ ಮನೆಯಲ್ಲಿ ಇದ್ದಾರೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಮ್ಮಲ್ಲಿಗೆ ಬಂದವರ ಹೆಸರನ್ನು ಅವರು ಎಲ್ಲಿಯೂ ಹೇಳಿದವರಲ್ಲ. ಅವರಿಗೂ ಅದೇ ಮರ್ಯಾದೆ ಸಲ್ಲಬೇಕು. ನಮ್ಮ ಮನೆಯ ಸಂಗತಿ ಬರುವುದರಿಂದ ಅಪ್ಪನನ್ನೂ ಅಮ್ಮನನ್ನೂ ಕೇಳಿದ್ದೇನೆ. ಬೇರೆ ಬೇರೆಯಾಗಿ ಕೇಳಿದೆ. ಹಾಗೆ ಕೇಳಬೇಕು ಎಂದು ಕಲಿಸಿದವರೂ ಅವರೇ.

ನೋಡಲು ಅವರು ಗಿಡ್ಡ, ಗಟ್ಟಿ. ಹತ್ತಿ ಸೀರೆ, ಕುತ್ತಿಗೆಯಲ್ಲಿ ತೆಳ್ಳಗಿನ ಶಿಲುಬೆ, ಕಾಲಲ್ಲಿ ಗಂಡಸರ ಚಪ್ಪಲಿ. ಬಹಳ ವರ್ಷ ಮಸ್ಕತ್ತಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದವರು. ಊರಿಗೆ ಮರಳಿದ ಮೇಲೆ, ಮಕ್ಕಳ ಮದುವೆಯ ಯೋಚನೆ ಮಾಡುವ ವಯಸ್ಸಿನಲ್ಲಿ ಮತ್ತೆ ಕಾಲೇಜಿಗೆ ಸೇರಿ ಈ ಕೆಲಸ ಕಲಿತರು. ನರ್ಸಿನ ಅಭ್ಯಾಸಗಳು ಮಾತ್ರ ಹಾಗೆಯೇ ಉಳಿದಿದ್ದವು. ಒಂದು ಮನೆಯವರು ಎದ್ದು ಹೋದ ಮೇಲೆ, ಇನ್ನೊಂದು ಮನೆಯವರನ್ನು ಒಳಗೆ ಕರೆಯುವ ಮೊದಲು, ಮೂಲೆಯ ಬೇಸಿನ್ನಿನಲ್ಲಿ ಮೊಣಕೈವರೆಗೆ ಸಾಬೂನು ಹಚ್ಚಿ ಕೈ ತೊಳೆಯುತ್ತಿದ್ದರು. ಒಮ್ಮೆ ನಾನು ಅದನ್ನೇ ನೋಡುತ್ತಿದ್ದುದನ್ನು ಕಂಡು, "ಅವರದ್ದು ನಿಮಗೆ ಅಂಟಬಾರದಲ್ಲ," ಎಂದು ನಕ್ಕರು.

ಕೋಣೆಯಲ್ಲಿ ಬೆತ್ತದ ಕುರ್ಚಿಗಳು, ಒಂದು ಸ್ಟೂಲು. ಕೆಳಗಿನ ಹೊಲಿಗೆ ಯಂತ್ರದ ಸದ್ದು ನೆಲದ ಮೂಲಕ ಕಾಲಿಗೆ ತಾಗುತ್ತಿತ್ತು. ಯಾರು ಬಂದರೂ ಮೊದಲು ನೀರು, ಬೆಲ್ಲ. ಬಿಸಿಲಲ್ಲಿ ಬಂದವರಿಗೆ ಬೆಲ್ಲ ನೀರು ಕೊಡುವುದು ನಮ್ಮ ಕಡೆ ಎಲ್ಲ ಮನೆಗಳಲ್ಲಿಯೂ ಇರುವ ಕ್ರಮ. ಅದನ್ನು ಅವರು ತಮ್ಮ ಕೆಲಸಕ್ಕೆ ಬಳಸಿಕೊಂಡಿದ್ದರು. ಬೆಲ್ಲದ ತುಂಡನ್ನು ಬಾಯಿಗೆ ಹಾಕಿಕೊಳ್ಳಬೇಕು, ಕಚ್ಚಬಾರದು. ಅದು ಕರಗುವವರೆಗೆ ಆ ಕೋಣೆಯಲ್ಲಿ ಯಾರೂ ಮಾತನಾಡುವ ಹಾಗಿಲ್ಲ. ಯಾರದ್ದು ಮೊದಲು ಕರಗುತ್ತದೋ ಅವರು ಮೊದಲು ಮಾತನಾಡಬೇಕು. ಮೆಟ್ಟಿಲು ಹತ್ತುವಾಗ ಒಬ್ಬರನ್ನೊಬ್ಬರು ಬೈದುಕೊಂಡೇ ಬಂದವರು ಕೂಡ ಕೆನ್ನೆ ಉಬ್ಬಿಸಿಕೊಂಡು ಮಕ್ಕಳ ಹಾಗೆ ಕುಳಿತುಬಿಡುತ್ತಿದ್ದರಂತೆ.

ಇನ್ನೊಂದು ನಿಯಮ, ಅಲ್ಲಿ ಕನ್ನಡದಲ್ಲೇ ಮಾತನಾಡಬೇಕು. ಅವರಿಗೆ ತುಳು ಬಾರದು ಎಂದಲ್ಲ. ಕೆಳಗೆ ಮಲ್ಲಿಗೆ ಮಾರುವವಳ ಜೊತೆ ಅವರು ಸೊಗಸಾದ ತುಳುವಿನಲ್ಲಿ ಚೌಕಾಸಿ ಮಾಡುವುದನ್ನು ನಾನೇ ಕೇಳಿದ್ದೆ. ಹಾಗಾದರೆ ಮೇಲೆ ಬಂದ ಕೂಡಲೇ ಯಾಕೆ ಕನ್ನಡ ಎಂದು ಕೇಳಿದೆ.

"ನಿಮ್ಮ ಜಗಳ ಎಲ್ಲ ತುಳುವಿನಲ್ಲಿ ಆಗಿರ್ತದೆ, ನಮ್ಮವರದ್ದು ಕೊಂಕಣಿಯಲ್ಲಿ. ಆ ಪಾತ್ರೆಗಳೆಲ್ಲ ಅಡಿ ಹಿಡಿದಿವೆ. ಕನ್ನಡದಲ್ಲಿ ಯಾರೂ ಸರಿಯಾಗಿ ಜಗಳ ಮಾಡಿರುವುದಿಲ್ಲ. ಶಾಲೆಯಲ್ಲಿ ಮಾಸ್ಟ್ರ ಎದುರು ನಿಂತ ಹಾಗೆ ಒಂದೊಂದೇ ಶಬ್ದ ಹುಡುಕಿ ಹೇಳ್ತಾರೆ. ನನಗೆ ಆ ನಿಧಾನ ಬೇಕು."

ಮಣಿಪಾಲದ ವಿದ್ಯಾರ್ಥಿಗಳೂ ಅವರಲ್ಲಿಗೆ ಬರುತ್ತಿದ್ದರು. ಫೋನಿನಲ್ಲಿ ಓದಿ ತಮ್ಮ ಕಾಯಿಲೆಯ ಹೆಸರನ್ನು ತಾವೇ ಇಟ್ಟುಕೊಂಡು ಬರುವವರ ಬಗ್ಗೆ ಅವರಿಗೆ ತಾಳ್ಮೆ ಕಡಿಮೆ. ನನ್ನನ್ನು ಅವರ ಬಳಿಗೆ ಕಳುಹಿಸಿದ ಗೆಳತಿ ಹೇಳಿದ್ದು ಇದು. ಅವಳು ಹೋದವಳೇ, "ಮೇಡಂ, ನನಗೆ ಟ್ರಾಮಾ ಉಂಟು," ಎಂದಳಂತೆ.

"ಇರಲಿ. ನಿನ್ನೆ ಮಧ್ಯಾಹ್ನ ಎಂತ ಊಟ ಮಾಡಿದೆ?"

"ಊಟ ಮಾಡ್ಲಿಲ್ಲ."

"ಮೊನ್ನೆ?"

ಅವಳು ಅಳತೊಡಗಿದಳಂತೆ. ಅಲ್ಲಿಂದ ಅವರ ಕೆಲಸ ಶುರು.

ನಾನು ಹೋದದ್ದು ಅಳಲಿಕ್ಕೆ ಅಲ್ಲ. ನನ್ನ ಮುಂದೆ ಒಂದು ಹಾಸ್ಟೆಲ್ ಕೋಣೆಯ ಪ್ರಶ್ನೆ ಇತ್ತು, ಅಷ್ಟೆ. ಆಗ ನಾನು ಮಣಿಪಾಲದಲ್ಲಿ ಸಂಶೋಧನೆಗೆ ಸೇರಿ ಒಂದು ವರ್ಷವಾಗಿತ್ತು. ದಿನವೂ ಕಾಪುವಿನಿಂದ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಲ್ಯಾಬಿನಲ್ಲಿ ಬೆಳೆಸುವ ಜೀವಕೋಶಗಳಿಗೆ ಬಸ್ಸಿನ ವೇಳೆ ಗೊತ್ತಿರುವುದಿಲ್ಲ. ಮಳೆಗಾಲ ಮುಗಿಯುವುದರೊಳಗೆ ಹಾಸ್ಟೆಲ್ ಸೇರಬೇಕು, ಇಲ್ಲದಿದ್ದರೆ ಈ ಕೆಲಸವನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದು ನನ್ನ ಗೈಡ್ ಸ್ಪಷ್ಟವಾಗಿ ಹೇಳಿದ್ದರು. ನಾನು ಆಗುವುದಿಲ್ಲ ಎಂದಿದ್ದೆ. ಕಾರಣ ಹೇಳಿರಲಿಲ್ಲ.

"ನೀನು ಹಾಸ್ಟೆಲಿಗೆ ಹೋದರೆ ಎಂತ ಆಗ್ತದೆ?" ಎಂದು ಮೇಡಂ ಕೇಳಿದರು.

"ಮನೆಯಲ್ಲಿ ಮಾತು ನಿಲ್ಲುತ್ತದೆ."

ಹೇಳಿದ ಮೇಲೆ ನನಗೇ ಅದು ವಿಚಿತ್ರವಾಗಿ ಕೇಳಿಸಿತು. ಅವರಿಗೆ ಹಾಗೆ ಅನಿಸಲಿಲ್ಲವೇನೋ. ಮುಂದುವರಿಸು ಎಂಬಂತೆ ಕುಳಿತಿದ್ದರು.

ನನ್ನ ಅಪ್ಪ ಮಲ್ಪೆಯಿಂದ ಹೊರಡುವ ಆಳಸಮುದ್ರದ ಬೋಟಿನಲ್ಲಿದ್ದವರು. ಅಮ್ಮ ಕಾಪುವಿನ ಮಾರ್ಕೆಟಿನಲ್ಲಿ ಮೀನು ಮಾರುತ್ತಾರೆ. ಅಪ್ಪ ಸಮುದ್ರದಲ್ಲಿದ್ದಾಗಲೇ ಅವರ ತಾಯಿ, ನನ್ನ ಅಜ್ಜಿ ತೀರಿಕೊಂಡರು. ಅಪ್ಪ ದಡ ಮುಟ್ಟುವ ಹೊತ್ತಿಗೆ ಚಿತೆಯ ಬೂದಿಯೂ ತಣ್ಣಗಾಗಿತ್ತು. ಬೋಟು ದೂರದಲ್ಲಿತ್ತು, ಏನೂ ಮಾಡುವ ಹಾಗಿರಲಿಲ್ಲ ಎಂದು ಅವರೂ ನಂಬಿದ್ದರು. ಆಮೇಲೆ ಬೋಟಿನ ಮಾಲೀಕರು ಮಾತಿನ ನಡುವೆ ಹೇಳಿಬಿಟ್ಟರು: ವೈರ್‌ಲೆಸ್‌ನಲ್ಲಿ ಸುದ್ದಿ ಕೊಡಲು ತಾವು ತಯಾರಿದ್ದೆವು, ಬೇಡ ಎಂದದ್ದು ನಿಮ್ಮ ಹೆಂಡತಿ.

ಅಪ್ಪ ಮನೆಗೆ ಬಂದು ಅಮ್ಮನನ್ನು ಏನೂ ಕೇಳಲಿಲ್ಲ. ಅಮ್ಮನೂ ಏನೂ ಹೇಳಲಿಲ್ಲ. ಅಂದಿನಿಂದ ಅವರಿಬ್ಬರ ನಡುವಿನ ಮಾತು ನಿಂತುಹೋಯಿತು. ಅಪ್ಪ ಆಳಸಮುದ್ರಕ್ಕೆ ಹೋಗುವುದನ್ನೂ ಬಿಟ್ಟು ಬಂದರಿನಲ್ಲಿ ಬಲೆ ದುರಸ್ತಿಯ ಕೆಲಸ ಹಿಡಿದರು. ಪ್ರತಿ ಸಂಜೆ ಮನೆಗೆ ಬರುತ್ತಿದ್ದರು. "ನಿನ್ನ ಅಮ್ಮನಿಗೆ ಹೇಳು, ನಾಳೆ ಬೇಗ ಹೋಗ್ಲಿಕ್ಕೆ ಉಂಟು." "ನಿನ್ನ ಅಪ್ಪನಿಗೆ ಹೇಳು, ಗ್ಯಾಸ್ ಮುಗಿದಿದೆ." ಒಂದೇ ಅಡುಗೆಮನೆಯಲ್ಲಿ, ಕೈಗೆಟಕುವ ದೂರದಲ್ಲಿ ಕುಳಿತು ಇಬ್ಬರೂ ನನ್ನ ಕೈಯಲ್ಲಿ ಮಾತು ಕೊಟ್ಟು ಕಳುಹಿಸುತ್ತಿದ್ದರು. ನಾನು ಅದನ್ನು ಸ್ವಲ್ಪ ಒರೆಸಿ, ಮೂಲೆಯ ಚೂಪು ತೆಗೆದು ಆಚೆ ಕೊಡುತ್ತಿದ್ದೆ. 'ಅವಳಿಗೆ ಬೇಕಾದರೆ ಬರಲಿ' ಎಂಬುದು ನನ್ನ ಬಾಯಲ್ಲಿ 'ಅಮ್ಮಾ, ಅಪ್ಪ ಬರಲು ಹೇಳಿದರು' ಎಂದಾಗುತ್ತಿತ್ತು.

ಎಲ್ಲ ಕೇಳಿ ಮೇಡಂ ಅಂದದ್ದು, "ಸಂಬಳ ಇಲ್ಲದ ಪೋಸ್ಟ್‌ಮ್ಯಾನ್."

ಅಪ್ಪ ಅಮ್ಮನನ್ನು ಕರೆತರಬೇಕು ಎಂದರು. ನಾನು ಹೇಳಿ ನೋಡುತ್ತೇನೆ ಎಂದೆ.

"ನೀನು ಹೇಳುವುದು ಬೇಡ. ಅದೇ ಅಲ್ವಾ ರೋಗ? ನಂಬರ್ ಕೊಡು."

ಇಬ್ಬರಿಗೂ ಅವರೇ ಬೇರೆ ಬೇರೆಯಾಗಿ ಫೋನ್ ಮಾಡಿದರು. ನಿಮ್ಮ ಮಗಳ ಓದು ನಿಲ್ಲುವ ಹಾಗುಂಟು, ನಿಮ್ಮ ಸಹಾಯ ಬೇಕು ಎಂದಷ್ಟೇ ಹೇಳಿದ್ದರಂತೆ. ಅಮ್ಮ ಮಾರ್ಕೆಟಿನಿಂದ ಬಂದವರೇ ನನ್ನನ್ನು ಹಿಡಿದುಕೊಂಡರು. "ಯಾರದು ಆ ಬಾಯಮ್ಮ? ಗಿರಾಕಿಗಳು ನಿಂತಿದ್ದಾರೆ ಅಂದರೂ ಕೇಳುವುದಿಲ್ಲ. ನಿಂತಿರಲಿ, ನಾನು ಕಾಯ್ತೇನೆ ಅಂತಾರೆ!" ನಮ್ಮವರು ಕ್ರಿಶ್ಚಿಯನ್ ಹೆಂಗಸರನ್ನು ಬಾಯಮ್ಮ ಎನ್ನುವುದು ವಾಡಿಕೆ. ಮೇಡಂ ಹೇಳಿದ ದಿನ ಅಪ್ಪ ಬಿಳಿ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

ಮೊದಲ ಸಲದ ಕೂಟ ಹೇಳಿಕೊಳ್ಳುವಂತಿರಲಿಲ್ಲ. ಬೆಲ್ಲ ಕೊಟ್ಟಾಗ ಅಪ್ಪ ಕೈ ಹಿಂದೆ ತೆಗೆದುಕೊಂಡರು.

"ನನಗೆ ಶುಗರ್ ಉಂಟು."

"ಹಾಗಾದ್ರೆ ಚಿಕ್ಕ ತುಂಡು. ನಿಮ್ಮದು ಬೇಗ ಕರಗ್ತದೆ, ನೀವೇ ಮೊದಲು ಮಾತಾಡ್ಬೇಕು ಅಣ್ಣ."

ಅಪ್ಪ ಕಡಲೆ ಕಾಳಿನಷ್ಟು ಬೆಲ್ಲವನ್ನು ಎಷ್ಟು ಹೊತ್ತು ಬಾಯಲ್ಲಿ ಇಟ್ಟುಕೊಂಡರೆಂದರೆ, ನನ್ನದೂ ಅಮ್ಮನದ್ದೂ ಕರಗಿ ಹೋಗಿತ್ತು. ಕೊನೆಗೆ ಅಮ್ಮನೇ ಶುರು ಮಾಡಿದರು. ಮಾರ್ಕೆಟಿನಲ್ಲಿ ಹೊರಗಿನ ಗಿರಾಕಿಗಳೊಂದಿಗೆ ಆಡಿ ಅಭ್ಯಾಸವಿದ್ದ ಕನ್ನಡ ಅವರದು. "ಇವರು ನನ್ನ ಹತ್ತಿರ ಮಾತನಾಡುವುದಿಲ್ಲ. ಮಾತನಾಡದಿದ್ದರೆ ಬೇಡ, ಊಟವಾದರೂ ಸರಿಯಾಗಿ ಮಾಡಲಿ." ಅಪ್ಪ ನನ್ನ ಕಡೆ ತಿರುಗಿದರು. ನಾನು ಅಪ್ಪನಿಗೆ, "ಅಮ್ಮನಿಗೆ ನಿಮ್ಮ ಊಟದ ಚಿಂತೆ," ಎಂದೆ.

ಮೇಡಂ ಕೈ ಎತ್ತಿದರು. "ಪುತಾ, ಅರ್ಧ ನೀನೇ ನುಂಗಿದೆ. ಈ ಕೋಣೆಯಲ್ಲಿ ಪೋಸ್ಟ್‌ಮ್ಯಾನ್‌ಗೆ ರಜೆ."

ಅಮ್ಮನಿಗೆ ನಗು ಬಂತು. ಅಪ್ಪನಿಗೆ ಬರಲಿಲ್ಲ. ಅವರು ಗೋಡೆ ನೋಡುತ್ತಾ ಕುಳಿತರು. ಅಂದು ಇಷ್ಟೇ ಆಯಿತು. ಹೊರಡುವಾಗ ಮೇಡಂ ನನಗೆ ಹೇಳಿದ್ದು, "ಇದು ಸರಿಯಾಗ್ತದಾ ಅಂತ ನನಗೆ ಗೊತ್ತಿಲ್ಲ." ಎಷ್ಟೋ ಕುಟುಂಬಗಳು ಅವರ ಕೋಣೆಯಿಂದ ಅರ್ಧದಲ್ಲೇ ಎದ್ದು ಹೋಗಿದ್ದವು. ಅದನ್ನು ಅವರು ಮುಚ್ಚಿಡುತ್ತಿರಲಿಲ್ಲ.

ನಡುವೆ ಒಮ್ಮೆ ನಾನೊಬ್ಬಳೇ ಹೋದೆ. ಮಳೆಗಾಲ ಮುಗಿಯುತ್ತಾ ಬಂದಿತ್ತು. ಹಾಸ್ಟೆಲ್ ವಿಷಯ ಬಿಟ್ಟುಬಿಡುತ್ತೇನೆ ಎಂದು ಹೇಳುವ ಯೋಚನೆ ಇತ್ತು. ಅದನ್ನು ಕೇಳಿಸಿಕೊಂಡು, ಅವರು ಅದಕ್ಕೆ ಸಂಬಂಧವೇ ಇಲ್ಲದಂತೆ ತಮ್ಮ ಮಗನ ಮಾತು ತೆಗೆದರು.

ಮಗ ಕೈಕೂಸಾಗಿದ್ದಾಗ ಅವನನ್ನು ಅಜೆಕಾರಿನಲ್ಲಿ ತಮ್ಮ ಅಮ್ಮನ ಬಳಿ ಬಿಟ್ಟು ಮಸ್ಕತ್ತಿಗೆ ಹೋಗಿದ್ದರು. ಮೊದಲ ರಜೆಗೆ ಬಂದಾಗ ಅವನು ಮಾತು ಕಲಿತಿದ್ದ. ಅಜ್ಜಿಯ ಬೆನ್ನ ಹಿಂದೆ ನಿಂತು, "ಆ ಬಾಯಿಗೆ ಹೇಳು, ನನ್ನ ಲಾರಿ ಮುಟ್ಟಬಾರದು," ಎಂದ. ಬಾಯಿ ಎಂದರೆ ಕೊಂಕಣಿಯಲ್ಲಿ ಹೆಂಗಸು. ಅವರು ತಂದುಕೊಟ್ಟ ಲಾರಿಯೇ ಅದು. ರಜೆಯುದ್ದಕ್ಕೂ ಹಾಗೆಯೇ ನಡೆಯಿತು. ಆ ಬಾಯಿಗೆ ಹೇಳು, ನನಗೆ ನೀರು ಬೇಕು. ಆ ಬಾಯಿಗೆ ಹೇಳು, ದೀಪ ಆರಿಸಲಿ.

"ಒಂದೇ ಚಾಪೆಯಲ್ಲಿ ಮೂವರು ಮಲಗ್ತಿದ್ದೆವು. ಮಾತು ಮಾತ್ರ ನನ್ನ ಅಮ್ಮನ ಮೇಲಿಂದ ಹೋಗಿ ಬರ್ತಿತ್ತು. ಅಮ್ಮನಿಗೂ ಅದು ಕಷ್ಟ. ಅವನದ್ದನ್ನು ಸಕ್ಕರೆ ಹಾಕಿ ನನಗೆ ಕೊಡುವುದು, ನನ್ನದನ್ನು ಸಕ್ಕರೆ ಹಾಕಿ ಅವನಿಗೆ ಕೊಡುವುದು."

"ಮತ್ತೆ?"

"ರಜೆ ಮುಗಿಯುವ ಹೊತ್ತಿಗೆ ಅಮ್ಮನಿಗೆ ಕಿವುಡು ಬಂತು." ಅವರು ಈಗಲೂ ಅದನ್ನು ನೆನೆದು ನಗುತ್ತಿದ್ದರು. "ಅವನು ನೀರು ಕೇಳ್ತಾನೆ, ಅಮ್ಮ ಅಕ್ಕಿ ಆರಿಸ್ತಾ ಕೂತಿದ್ದಾರೆ. ಕೂಗ್ತಾನೆ, ಕೇಳಿಸುವುದಿಲ್ಲ. ಸೆರಗು ಎಳೀತಾನೆ, 'ಎಂತ ಮಗಾ, ಇವತ್ತು ಕಿವಿಯೇ ಕೇಳಿಸುವುದಿಲ್ಲ' ಅಂತಾರೆ. ಕೊನೆಗೆ ಬಾಯಾರಿಕೆ ತಡೆಯದೆ ನನ್ನ ಎದುರು ಬಂದು ನಿಂತ. ನೀರು, ಅಂದ. ನಾನು ಲೋಟ ಕೊಟ್ಟೆ. ಈ ಕೆಲಸದಲ್ಲಿ ನನ್ನ ಮೊದಲ ಟ್ರೈನಿಂಗ್ ಅದೇ."

ಆ ಮಗ ಈಗ ಮಂಗಳೂರಿನಲ್ಲಿ ಸಂಸಾರಸ್ಥ. ಆದಿತ್ಯವಾರ ಚರ್ಚಿನ ಪೂಜೆ ಮುಗಿಸಿ ಫೋನ್ ಮಾಡುತ್ತಾನಂತೆ. "ಜಗಳವೂ ಮಾಡ್ತಾನೆ, ನನ್ನನ್ನು ಬಿಟ್ಟು ಹೋದವಳು ನೀನು ಅಂತ. ನೇರ ನನಗೇ ಹೇಳ್ತಾನೆ. ನನಗೆ ಅದು ಸಾಕು."

ಎದ್ದಾಗ ನನ್ನ ಮಣಿಕಟ್ಟು ಹಿಡಿದುಕೊಂಡರು, ನಾಡಿ ನೋಡುವ ಹಾಗೆ. "ನಿನಗೂ ಸ್ವಲ್ಪ ಕಿವುಡು ಬರಬೇಕು ಪುತಾ."

ಪ್ರಯತ್ನಿಸಿದೆ. ಮರುದಿನ ಅಪ್ಪ, "ನಿನ್ನ ಅಮ್ಮನನ್ನು ಕೇಳು, ಛತ್ರಿ ಎಲ್ಲಿಟ್ಟಿದ್ದಾಳೆ ಅಂತ," ಎಂದರು. "ಕೇಳಿಸಲಿಲ್ಲ ಅಪ್ಪ," ಎಂದೆ. ಅಪ್ಪ ಗಟ್ಟಿಯಾಗಿ ಹೇಳಿದರು. "ಕೇಳಿಸಲಿಲ್ಲ." ಇನ್ನೂ ಗಟ್ಟಿಯಾಗಿ ಹೇಳಿದಾಗ ಪಕ್ಕದ ಮನೆಯ ನಾಯಿ ಬೊಗಳಿತು. ಅಮ್ಮ ಒಳಗಿನಿಂದ ನನಗೆ ಕೂಗಿದರು: "ನಿನ್ನ ಅಪ್ಪನಿಗೆ ಹೇಳು, ಛತ್ರಿ ಬಾಗಿಲ ಹಿಂದೆ ಉಂಟು. ಮತ್ತೆ ನಿನ್ನ ಕಿವಿಯನ್ನು ಡಾಕ್ಟರಿಗೆ ತೋರಿಸು!" ಮೇಡಂಗೆ ಇದನ್ನು ಹೇಳಿದಾಗ ಅವರು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

ಮುಂದಿನ ಸಲ ಮೂವರೂ ಹೋದ ದಿನ ಅಮ್ಮನ ಬೆಲ್ಲ ಮೊದಲು ಕರಗಿತು. ಆದರೂ ಅವರು ಮಾತನಾಡಲಿಲ್ಲ. ಮೇಡಂ ಕಾದರು. ಕೆಳಗೆ ಹೊಲಿಗೆ ಯಂತ್ರ ಓಡುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಓಡುತ್ತಿತ್ತು.

"ನನ್ನ ಅಣ್ಣ ಒಬ್ಬರು ಇದ್ದರು," ಎಂದು ಅಮ್ಮ ಕನ್ನಡದಲ್ಲಿ ಶುರು ಮಾಡಿದರು. ಎರಡು ವಾಕ್ಯ ದಾಟುವುದರೊಳಗೆ ಅದು ತುಳುವಿಗೆ ಹೊರಳಿತು. ಮೇಡಂ ತಡೆಯಲಿಲ್ಲ.

ಅಮ್ಮನ ಅಣ್ಣ ಸಮುದ್ರದ ಪಾಲಾದವರು ಎಂಬುದು ನಮಗೆಲ್ಲ ಗೊತ್ತಿತ್ತು. ಹೇಗೆ ಎಂಬುದು ಗೊತ್ತಿರಲಿಲ್ಲ. ಅಮ್ಮನ ಅಪ್ಪ ತೀರಿಕೊಂಡ ದಿನ, ಅವರ ತಾಯಿ ಇನ್ನೊಂದು ದೋಣಿಯವರ ಕೈಯಲ್ಲಿ ಮಗನಿಗೆ ಸುದ್ದಿ ಕಳುಹಿಸಿದ್ದರು. ಸುದ್ದಿ ಮುಟ್ಟಿತು. ಅಣ್ಣ ಗಾಳಿಯನ್ನು ಲೆಕ್ಕಿಸದೆ ದೋಣಿ ತಿರುಗಿಸಿದರು. ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ, ದಡದಲ್ಲಿ ನಿಂತವರಿಗೆ ಕಾಣುವಷ್ಟು ಹತ್ತಿರದಲ್ಲಿ ದೋಣಿ ಮಗುಚಿತು. ಸುದ್ದಿ ಕಳುಹಿಸಿದ್ದು ತಾನು ಎಂದು ಆ ತಾಯಿ ಬದುಕಿಡೀ ಕೊರಗಿದ್ದರಿಂದ, ಮನೆಯಲ್ಲಿ ಯಾರೂ ಆ ಮಾತನ್ನು ಎತ್ತುತ್ತಿರಲಿಲ್ಲ. ಅಮ್ಮ ಅದನ್ನು ಅಪ್ಪನಿಗೂ ಹೇಳಿರಲಿಲ್ಲ. ನನ್ನ ಅಜ್ಜಿ ತೀರಿಕೊಂಡ ದಿನವೂ ಗಾಳಿ ಇತ್ತು. ಬೋಟಿನ ಮಾಲೀಕರು ಫೋನಿನಲ್ಲಿ ಕೇಳಿದಾಗ ಅಮ್ಮನ ಬಾಯಿಂದ ಬಂದದ್ದು ಒಂದೇ ಮಾತು: ಬೇಡ.

ಅಮ್ಮ ನಿಲ್ಲಿಸಿದರು. ಅಪ್ಪ ನನ್ನ ಕಡೆ ತಿರುಗಿದರು.

ಅಪ್ಪನಿಗೆ ಒಂದೊಂದು ಶಬ್ದವೂ ಕೇಳಿಸಿತ್ತು, ಅವರದೇ ಭಾಷೆಯಲ್ಲಿ. ಆದರೂ ತಿರುಗಿದರು. ಇಷ್ಟು ಕಾಲದ ಅಭ್ಯಾಸ. ನಾನೂ ಬಾಯಿ ತೆರೆದಿದ್ದೆ. ಅಮ್ಮನಿಗೆ ಹೆದರಿಕೆಯಾಗಿತ್ತಂತೆ ಅಪ್ಪ, ಎಂಬ ನಯವಾದ ವಾಕ್ಯ ನನ್ನ ಬಾಯಲ್ಲಿ ಸಿದ್ಧವಾಗಿತ್ತು.

"ನಿನಗೆ ಕೇಳಿಸಲಿಲ್ಲ ಪುತಾ," ಎಂದರು ಮೇಡಂ, ಬಹಳ ಮೆಲ್ಲಗೆ.

ನಾನು ಬಾಯಿ ಮುಚ್ಚಿದೆ. ಅಪ್ಪ ನನ್ನನ್ನು ನೋಡಿದರು, ನೆಲ ನೋಡಿದರು, ಆಮೇಲೆ ಅಮ್ಮನನ್ನು ನೋಡಿದರು.

"ದಾಯೆ?" ಎಂದರು. ತುಳುವಿನಲ್ಲಿ 'ಯಾಕೆ' ಎಂದು ಅರ್ಥ. ಇದನ್ನು ನನಗೆ ಯಾಕೆ ಮೊದಲೇ ಹೇಳಲಿಲ್ಲ ಎಂಬಷ್ಟನ್ನೂ ಆ ಒಂದು ಮಾತಿನಲ್ಲಿ ಕೇಳಿದ್ದರು.

"ನೀವು ಕೇಳಲಿಲ್ಲ," ಎಂದರು ಅಮ್ಮ.

ಮತ್ತೆ ಅಪ್ಪ ಕೇಳಿದ್ದೆಲ್ಲ ಮೀನುಗಾರ ಕೇಳುವ ಪ್ರಶ್ನೆಗಳು. ಅಣ್ಣನ ದೋಣಿ ಎಷ್ಟು ದೊಡ್ಡದು? ಗಾಳಿ ಯಾವ ಕಡೆಯದ್ದು? ನೀರು ಇಳಿಯುತ್ತಿತ್ತೋ, ಏರುತ್ತಿತ್ತೋ? ಅಮ್ಮ ಎಲ್ಲದಕ್ಕೂ ಉತ್ತರ ಕೊಟ್ಟರು. ಆಗ ಚಿಕ್ಕ ಹುಡುಗಿಯಾಗಿದ್ದರೂ ದಡದಲ್ಲಿ ನಿಂತಿದ್ದವರು ಅವರು.

"ಸುದ್ದಿ ಸಿಕ್ಕಿದ್ದರೆ ನಾನೂ ತಿರುಗಿಸುತ್ತಿದ್ದೆ," ಎಂದರು ಅಪ್ಪ.

"ಗೊತ್ತಿತ್ತು," ಎಂದರು ಅಮ್ಮ. "ಅದಕ್ಕೇ."

ಕ್ಷಮೆ ಗಿಮೆ ಎಂದು ಯಾರೂ ಮಾತನಾಡಲಿಲ್ಲ. ಮೇಡಂ ಎದ್ದು ಹೋಗಿ ಕೈ ತೊಳೆದರು. ಆ ದಿನ ಅವರು ಮುಖವನ್ನೂ ತೊಳೆದುಕೊಂಡದ್ದನ್ನು ನಾನು ಕಂಡೆ.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಅವರಿಬ್ಬರ ನಡುವೆ ಕುಳಿತಿದ್ದೆ. ಕಟಪಾಡಿ ದಾಟಿದ ಮೇಲೆ ಅಪ್ಪ, "ಟಿಕೆಟ್ ತೆಗೆದೆಯಾ?" ಎಂದರು. ಉತ್ತರಿಸಲು ಹೊರಟವಳು ತಡೆದೆ. ಪ್ರಶ್ನೆ ನನ್ನ ತಲೆಯ ಮೇಲಿಂದ ಹೋಗಿತ್ತು.

"ತೆಗೆದೆ," ಎಂದರು ಅಮ್ಮ.

ನಾನು ಹಾಸ್ಟೆಲ್ ಸೇರಿದೆ. ಮನೆಯಲ್ಲಿ ಈಗಲೂ ಬಹಳ ಮಾತಿಲ್ಲ. ಇಬ್ಬರದ್ದೂ ಅಂಥ ಸ್ವಭಾವ, ನನ್ನದೂ ಕೂಡ. ಅಮ್ಮ ಒಮ್ಮೆ ಫೋನ್ ಮಾಡಿ ಅಪ್ಪನ ಮೇಲೆ ದೂರು ಹೇಳಿದರು. ನಾನು ಸಮಾಧಾನ ಮಾಡುವ ಮೊದಲೇ, "ನೀನು ಎಂತ ಹೇಳುವುದೂ ಬೇಡ, ನಾನು ಅವರಿಗೇ ಹೇಳಿ ಆಯಿತು," ಎಂದರು. ಮೇಡಂಗೆ ತಿಳಿಸಿದಾಗ ಅವರಿಗೆ ಎಷ್ಟು ಖುಷಿ! "ಜಗಳ ಆಯ್ತಾ? ನೇರ ಆಯ್ತಾ? ಒಳ್ಳೆದಾಯ್ತು, ಮಾರಾಯ್ತಿ!"

ಪ್ರತಿ ಸಲ ಕೊನೆಗೆ ಅವರು ನನ್ನನ್ನು ಕೇಳುತ್ತಿದ್ದರು, "ಮತ್ತೆ ನಿನ್ನದೆಂತ?" ನಾನು ಹೆಚ್ಚು ಹೇಳುತ್ತಿರಲಿಲ್ಲ. ಅವರು ಒತ್ತಾಯ ಮಾಡಿದವರಲ್ಲ. "ಹೇಳಲೇಬೇಕು ಅಂತಿಲ್ಲ. ನಿನ್ನದನ್ನು ನೀನು ಇಟ್ಟುಕೊಳ್ಳಬಹುದು. ಬೇರೆಯವರದ್ದನ್ನು ಇಟ್ಟುಕೊಳ್ಳಬೇಡ, ಭಾರ ಆಗ್ತದೆ." ನನ್ನಂಥವಳಿಗೆ ಇದಕ್ಕಿಂತ ದೊಡ್ಡ ಉಪಕಾರವನ್ನು ಯಾರೂ ಮಾಡಿಲ್ಲ. ಇದನ್ನು ಅವರ ಎದುರು ಹೇಳಲು ನನಗೆ ಆಗಿಲ್ಲ. ಇಲ್ಲಿ ಬರೆದಿದ್ದೇನೆ.

ಬೋರ್ಡು ಇಳಿಸಿದ ಸುದ್ದಿಯನ್ನು ಆ ಆದಿತ್ಯವಾರ ಮನೆಯಲ್ಲಿ ಹೇಳಿದೆ. ಅಪ್ಪ ಜಗಲಿಯಲ್ಲಿ ಕುಳಿತು ಬಲೆಯ ಹರಕು ಹೊಲಿಯುತ್ತಿದ್ದರು.

"ಹೌದಾ?" ಎಂದರು. "ಬಾಯಮ್ಮನಿಗೆ ಹೇಳು, ಒಳ್ಳೆಯ ಅಂಜಲ್ ಮೀನು ಸಿಕ್ಕಿದ ದಿನ ಅಜೆಕಾರಿಗೆ ಕಳುಹಿಸುತ್ತೇವೆ ಅಂತ. ಮತ್ತೆ ಹೇಳು..." ಕೈ ಬಲೆಯ ಕಣ್ಣಿನಲ್ಲಿ ನಿಂತಿತು. "ಮತ್ತೆ ಹೇಳು, ಅವರಿಂದಾಗಿ..."

"ಕೇಳಿಸಲಿಲ್ಲ ಅಪ್ಪ," ಎಂದೆ.

ಅಮ್ಮ ಒಳಗಿನಿಂದ ಜೋರಾಗಿ ನಕ್ಕರು. ನಾನು ನಂಬರ್ ಒತ್ತಿ ಫೋನನ್ನು ಅಪ್ಪನ ಕೈಗೆ ಕೊಟ್ಟೆ.

ಅಪ್ಪ ಎದ್ದು ನಿಂತರು. ಆ ಕೋಣೆಯ ನಿಯಮ ನೆನಪಿತ್ತೋ ಏನೋ, ಅಂಗಿ ಸರಿಮಾಡಿಕೊಂಡು ಕನ್ನಡದಲ್ಲಿ ಶುರು ಮಾಡಿದರು. "ನಮಸ್ಕಾರ. ನಾನು ಕಾಪುವಿನಿಂದ ಮಾತನಾಡುತ್ತಿದ್ದೇನೆ. ನೀವು ಕೆಲಸ ನಿಲ್ಲಿಸಿದ್ದೀರಿ ಎಂದು ಮಗಳು ಹೇಳಿದಳು. ನಮ್ಮ ಮನೆಯಲ್ಲಿ..." ಅಲ್ಲಿಗೆ ಮಾತು ನಿಂತಿತು. ಬೆಲ್ಲ ಕರಗುವಷ್ಟು ಹೊತ್ತು ಆ ಕಡೆ ಮೇಡಂ ಕಾದರು. ಸ್ಪೀಕರ್ ಆನ್ ಆಗಿತ್ತು, ಹಾಗಾಗಿ ನಮಗೂ ಕೇಳಿಸಿತು.

"ಎಂಚ ಉಲ್ಲರ್?" ಎಂದರು ಮೇಡಂ.

ಹೇಗಿದ್ದೀರಿ, ಅಷ್ಟೇ. ನಮ್ಮ ಮನೆಯವರೊಂದಿಗೆ ಅವರು ಆಡಿದ ಮೊದಲ ತುಳು ಮಾತು ಅದು. ಅಪ್ಪ ಮೆಲ್ಲನೆ ಜಗಲಿಯ ಅಂಚಿನಲ್ಲಿ ಕುಳಿತುಕೊಂಡರು. ಆಮೇಲೆ ತುಳುವಿನಲ್ಲಿ ಮಾತು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಅಮ್ಮ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು, ನನಗೂ ಕೊಡಿ ಎಂದು ಕೈ ಚಾಚಿದರು.

"ಇರು ಮಾರಾಯ್ತಿ," ಎಂದರು ಅಪ್ಪ, "ನಾನು ಹೇಳಿ ಆಗಲಿಲ್ಲ."